ಮೊದಲು ಸೂರು, ಆಮೇಲೆ ಗ್ರಾನೈಟ್: ಮಲೆನಾಡಿನಲ್ಲಿ ಚರ್ಚ್ ದೊಡ್ಡದು ಮಾಡುವ ಲೆಕ್ಕ

ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಭಾನುವಾರ, ನಮ್ಮ ಚರ್ಚಿನ ಜಗುಲಿಯಲ್ಲಿ ನಿಂತು ಜನರನ್ನು ಎಣಿಸಿದೆ. ಹೊರಗೆ ಜಡಿಮಳೆ. ಗೋಡೆಗೆ ಒರಗಿಸಿದ ಕೊಡೆಗಳು, ಕಿಟಕಿ ಸರಳಿಗೆ ಸಿಕ್ಕಿಸಿದ ರೈನ್‌ಕೋಟುಗಳು. ಅವುಗಳಿಂದ ಇಳಿದ ನೀರು ಸಾಲಾಗಿ ಹರಿದು ಹೊಸ್ತಿಲಿಗೆ ಬರುತ್ತಿತ್ತು. ಜಗುಲಿಯಲ್ಲಿ ನಿಂತೇ ಪೂಜೆ ಕೇಳುತ್ತಿದ್ದವರು 46 ಜನ. ಒಳಗೆ ಇಣುಕಿದೆ. ಮುಂದಿನ ಮೂರು ಬೆಂಚುಗಳಲ್ಲಿ ಹದಿನೈದು ಜನ ಕೂರುವಷ್ಟು ಜಾಗ ಹಾಗೇ ಇತ್ತು.

ಚರ್ಚ್ ಚಿಕ್ಕದಾಯಿತು, ದೊಡ್ಡದು ಮಾಡಬೇಕು ಎಂಬ ಮಾತು ನಮ್ಮಲ್ಲಿ ಎಂಟು ವರ್ಷದಿಂದ ನಡೆಯುತ್ತಿತ್ತು. ಎಷ್ಟು ಚಿಕ್ಕದು ಅಂತ ಮಾತ್ರ ಯಾರೂ ಎಣಿಸಿರಲಿಲ್ಲ. ಕಟ್ಟಡ ಸಮಿತಿಯ ಲೆಕ್ಕ ನೋಡಿಕೊಳ್ಳುವ ಕೆಲಸ ನನಗೆ ಬಂದಾಗ ಮೊದಲು ಹಿಡಿದದ್ದು ಇದನ್ನೇ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆ ಇದೇ ಮಾತು ನಡೆಯುತ್ತಿರುವ ಊರುಗಳು ಇನ್ನೂ ಇವೆ. ನಾವು ಕಲಿತದ್ದು ಅವರಿಗೆ ಸಿಗಲಿ ಅಂತ ಬರೆಯುತ್ತಿದ್ದೇನೆ.

ಕ್ರಿಸ್‌ಮಸ್ ಜನಕ್ಕೆ ಕಟ್ಟಬೇಡಿ

ಚರ್ಚ್ ಸಾಲುತ್ತಿಲ್ಲ ಎಂದು ಹೇಳುವವರನ್ನು ಸ್ವಲ್ಪ ಕೆದಕಿ ಕೇಳಿ. ಹೆಚ್ಚಿನವರ ಕಣ್ಣ ಮುಂದೆ ಇರುವುದು ಕ್ರಿಸ್‌ಮಸ್ ರಾತ್ರಿ, ಈಸ್ಟರ್, ಸೆಪ್ಟೆಂಬರ್ 8ರ ತೆನೆ ಹಬ್ಬ, ಮತ್ತೆ ಊರಿನ ವಾರ್ಷಿಕ ಹಬ್ಬ. ವರ್ಷಕ್ಕೆ ನಾಲ್ಕೈದು ದಿನ. ಅಷ್ಟು ದಿನಕ್ಕೆ ಅಂಗಳದಲ್ಲಿ ಚಪ್ಪರ ಹಾಕಿ, ಪ್ಲಾಸ್ಟಿಕ್ ಕುರ್ಚಿ ತರಿಸಿದರೆ ಸಾಕು. ಕಟ್ಟಬೇಕಾದದ್ದು ಮಾಮೂಲಿ ಭಾನುವಾರದ ಜನಕ್ಕೆ.

ಹಾಗಾಗಿ ಹತ್ತು ಭಾನುವಾರ ಎಣಿಸಿ. ಬೇಸಿಗೆಯಲ್ಲಿ ನಾಲ್ಕು, ಮಳೆಗಾಲದಲ್ಲಿ ನಾಲ್ಕು, ಅಡಿಕೆ ಕೊಯ್ಲಿನ ದಿನಗಳಲ್ಲಿ ಎರಡು. ಹೊರಗೆ ನಿಂತವರಲ್ಲೂ ಎರಡು ಥರ ಇದ್ದಾರೆ ಎಂಬುದು ನೆನಪಿರಲಿ. ಕೆಲವರಿಗೆ ಒಳಗೆ ಜಾಗ ಇಲ್ಲ. ಇನ್ನು ಕೆಲವರಿಗೆ ಜಾಗ ಇದ್ದರೂ ಜಗುಲಿಯಲ್ಲೇ ನಿಲ್ಲುವುದು ಇಪ್ಪತ್ತು ವರ್ಷದ ರೂಢಿ. ಎರಡನೆಯವರಿಗಾಗಿ ಎಷ್ಟು ದೊಡ್ಡದು ಕಟ್ಟಿದರೂ ಅವರು ಒಳಗೆ ಬರುವುದಿಲ್ಲ.

ಆಮೇಲೆ ಜ್ಞಾನಸ್ನಾನದ (ಬ್ಯಾಪ್ಟಿಸಂ) ಮತ್ತು ಸಾವಿನ ದಫ್ತರ ತೆಗೆಯಿರಿ. ಹತ್ತು ವರ್ಷದಲ್ಲಿ ಎಷ್ಟು ಮಕ್ಕಳು, ಎಷ್ಟು ಸಾವು, ಎಷ್ಟು ಮನೆ ಬೆಂಗಳೂರು, ಮಂಗಳೂರು, ಗಲ್ಫ್ ಸೇರಿದೆ. ಈ ಪುಟಗಳನ್ನು ಓದುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಆದರೂ ಓದಲೇಬೇಕು. ನಮ್ಮಲ್ಲಿ ಊರು ಬಿಟ್ಟ ಮನೆಗಳು ಜಾಸ್ತಿಯೇ ಇದ್ದವು. ಆದರೆ ಹಾಸ್ಟೆಲ್ ಮಕ್ಕಳು ಮತ್ತು ಹೊಸದಾಗಿ ಬಂದ ಕೂಲಿ ಕುಟುಂಬಗಳು ಆ ಲೆಕ್ಕವನ್ನು ತುಂಬಿದ್ದವು. ಕೂರಲು 240 ಜಾಗ, ಭಾನುವಾರದ ಸರಾಸರಿ 310, ಜಾಸ್ತಿ ಅಂದರೆ 340. ಇನ್ನೊಂದು ಪೂಜೆ ಇಟ್ಟರೆ ಸಾಲದೇ ಎಂಬ ಪ್ರಶ್ನೆಯೂ ಬಂತು. ಒಳ್ಳೆಯ ಪ್ರಶ್ನೆ. ಒಬ್ಬರೇ ಫಾದರ್ ಎರಡು ಉಪಕೇಂದ್ರಗಳಿಗೂ ಓಡುವ ನಮ್ಮಂಥ ಕಡೆ ಅದು ಆಗುವ ಮಾತಾಗಿರಲಿಲ್ಲ. ನಿಮ್ಮಲ್ಲಿ ಆಗುವುದಾದರೆ ಒಂದು ರೂಪಾಯಿ ಖರ್ಚಿಲ್ಲದೆ ಕೆಲಸ ಮುಗಿಯಿತು.

360 ಜನ ಕೂರಲಿ ಎಂದು ತೀರ್ಮಾನಿಸಿದೆವು. ಅಂದರೆ 120 ಜಾಗ ಹೆಚ್ಚು. ಬೆಂಚಿನಲ್ಲಿ ಒಬ್ಬರಿಗೆ 20 ಇಂಚು ಅಗಲ ಬೇಕು. ಮೊಣಕಾಲೂರುವ ಹಲಗೆ ಸೇರಿ ಒಂದು ಸಾಲಿಗೆ 3 ಅಡಿ. ಅಲ್ಲಿಗೆ ತಲಾ 5 ಚದರ ಅಡಿ. ನಡುವಿನ ದಾರಿ, ಬಾಗಿಲು, ಗಾಯಕವೃಂದದ ಜಾಗ ಸೇರಿಸಿದರೆ ಅದು ಹತ್ತರ ಹತ್ತಿರ ಹೋಗುತ್ತದೆ. 120 ಜನಕ್ಕೆ 1,200 ಚದರ ಅಡಿ.

ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯ ನೋಡಿ ಬಂದವರಿಗೆ ನಮ್ಮೂರಲ್ಲೂ ಹಾಗೇ ಇರಲಿ ಅನ್ನಿಸುವುದು ಸಹಜ. ಆದರೆ ಅದು ಒಂದು ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಇಡೀ ಪ್ರದೇಶದ, ಮುಖ್ಯ ಚರ್ಚ್. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಸೇರುತ್ತವೆ. ಮೂರು ಜಿಲ್ಲೆಯ ಮನೆಗೂ ಮೂರು ಹಳ್ಳಿಯ ಮನೆಗೂ ಅಳತೆ ಬೇರೆ ಅಲ್ವಾ.

ಯಾವ ಕಡೆಗೆ ಬೆಳೆಸಬೇಕು

ಹಳೆಯ ಚರ್ಚನ್ನು ಬೆಳೆಸಲು ದಾರಿಗಳು ಮೂರು. ಒಳಗೆ ಉಪ್ಪರಿಗೆ ಹಾಕುವುದು, ಎಡಕ್ಕೂ ಬಲಕ್ಕೂ ರೆಕ್ಕೆಯಂತೆ ಕಟ್ಟುವುದು, ಉದ್ದಕ್ಕೆ ಎಳೆಯುವುದು.

ಉಪ್ಪರಿಗೆ ಅಗ್ಗ ಎಂದು ಕಾಣುತ್ತದೆ. ಆದರೆ ನಮ್ಮ ಕಡೆಯ ಹಳೇ ಗೋಡೆಗಳು ಜಂಬಿಟ್ಟಿಗೆ ಕಲ್ಲಿನವು, ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದವು. ಅವುಗಳ ಮೇಲೆ ಹೊಸ ಭಾರ ಹೊರಿಸುವ ಹಾಗಿಲ್ಲ. ಉಪ್ಪರಿಗೆಗೆ ಅದರದೇ ಕಂಬ ಬೇಕು, ಅದರದೇ ಪಾಯ ಬೇಕು. ಮೇಲಾಗಿ ವಯಸ್ಸಾದವರು ಹತ್ತುವುದಿಲ್ಲ.

ರೆಕ್ಕೆ ಕಟ್ಟಿದರೆ ಚೆಂದ ಕಾಣುತ್ತದೆ, ಮೇಲಿನಿಂದ ನೋಡಿದರೆ ಶಿಲುಬೆಯ ಆಕಾರ ಬರುತ್ತದೆ. ಆದರೆ ಮಲೆನಾಡಿನಲ್ಲಿ ಅದಕ್ಕೊಂದು ದೊಡ್ಡ ತೊಂದರೆ ಇದೆ. ಎರಡು ಇಳಿಜಾರು ಮಾಡುಗಳು ಸೇರುವ ಕಡೆ ಒಂದು ಕಣಿವೆ ಉಂಟಾಗುತ್ತದೆ. ಎರಡೂ ಮಾಡಿನ ನೀರು ಅಲ್ಲಿಗೇ ಬರುತ್ತದೆ. ಜೂನ್ ಬಂತೆಂದರೆ ಪಕ್ಕದ ಮರದ ಎಲೆಗಳೂ ಅಲ್ಲಿಗೇ ಬರುತ್ತವೆ. ನೀರು ಹರಿಯಲು ಇಟ್ಟ ತಗಡಿನ ದೋಣಿ ಕಟ್ಟಿಕೊಂಡು ನೀರು ಒಳಗೆ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದರ ಅರ್ಧ ಬೀಳುವ ಊರಿನಲ್ಲೂ ಈ ಕಣಿವೆ ಸೋರದೆ ಉಳಿಯುವುದು ಕಷ್ಟ.

ಉದ್ದಕ್ಕೆ ಎಳೆದರೆ ಮಾಡಿನ ಗೆರೆ ನೇರವಾಗಿ ಮುಂದುವರಿಯುತ್ತದೆ, ಕಣಿವೆಯೇ ಇಲ್ಲ. ನಾವು ಆರಿಸಿದ್ದು ಇದನ್ನೇ. ಬಲಿಪೀಠದ ಹಿಂದೆ ಹದಿನೈದು ಅಡಿ ಎತ್ತರದ ಧರೆ ಇತ್ತು. ಅದನ್ನು ಇನ್ನಷ್ಟು ಕಡಿದರೆ ಮಳೆಗಾಲದಲ್ಲಿ ಕುಸಿಯುವುದು ಗ್ಯಾರಂಟಿ. ಹಾಗಾಗಿ ಮುಂಬಾಗಿಲ ಕಡೆಗೇ ಬೆಳೆಸಿದೆವು. ಹಳೆಯ ಮುಖ ಹೋಗುತ್ತದಲ್ಲ ಎಂದು ಹಿರಿಯರು ನೊಂದುಕೊಂಡರು. ಆ ನೋವು ನ್ಯಾಯವಾದದ್ದು. ಹಳೇ ಕಮಾನನ್ನು ಅಳತೆ ತೆಗೆದು, ಫೋಟೋ ಹಿಡಿದು, ಹೊಸ ಗೋಡೆಯಲ್ಲಿ ಅದೇ ಆಕಾರ ಕಟ್ಟಿಸಿದೆವು.

ಎಂಜಿನಿಯರ್ ಹತ್ತಿರ ಮೂರು ವಿಷಯ ಬಿಡದೆ ಕೇಳಿ. ಒಂದು, ಹೊಸ ಪಾಯ ಗಟ್ಟಿ ನೆಲ ಮುಟ್ಟುತ್ತದಾ? ಅಂಗಳ ಸಮ ಮಾಡಲು ತುಂಬಿಸಿದ ಮಣ್ಣಿನ ಮೇಲೆ ಪಾಯ ನಿಲ್ಲಬಾರದು. ಎರಡು, ಹಳೇ ಗೋಡೆಗೂ ಹೊಸ ಕಾಂಕ್ರೀಟಿಗೂ ನಡುವೆ ಸಂದು ಬಿಡುತ್ತೀರಾ? ಹಳೇ ಗೋಡೆ ನೆಲಕ್ಕೆ ಕೂತು ದಶಕಗಳೇ ಆಗಿವೆ. ಹೊಸದು ಈಗ ಕೂರಲು ಶುರು ಮಾಡುತ್ತದೆ. ಎರಡನ್ನೂ ಬಿಗಿದು ಕಟ್ಟಿದರೆ ಎರಡನೇ ವರ್ಷಕ್ಕೇ ಬಿರುಕು. ಒಂದಿಂಚು ಸಂದು ಬಿಟ್ಟು, ಮೇಲೆ ಪಟ್ಟಿ ಮುಚ್ಚುವುದು ಸರಿಯಾದ ಕ್ರಮ. ಮೂರು, ಗಾಲಿ ಕುರ್ಚಿ ಹತ್ತುವ ಇಳಿಜಾರು ಎಲ್ಲಿದೆ? ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ನಮ್ಮ ಜಗುಲಿ ಎರಡು ಅಡಿ ಎತ್ತರ, ಅಂದರೆ 24 ಅಡಿ. ನಕ್ಷೆಯಲ್ಲೇ ಜಾಗ ಹಿಡಿಯದಿದ್ದರೆ ಆಮೇಲೆ ಸಿಗುವುದಿಲ್ಲ.

ಮಾಡಿಗೆ ತಗಡಿನ ಶೀಟ್ ಹಾಕುವ ಮಾತು ಎಲ್ಲ ಕಡೆ ಬರುತ್ತದೆ. ಕಡಿಮೆ ಖರ್ಚು, ಬೇಗ ಮುಗಿಯುತ್ತದೆ, ಮಂಗ ಓಡಾಡಿದರೂ ಒಡೆಯುವುದಿಲ್ಲ. ಎಲ್ಲವೂ ನಿಜ. ಆದರೆ ಜುಲೈ ಮಳೆ ಬರೀ ಶೀಟಿನ ಮೇಲೆ ಬಿದ್ದಾಗ ಅದರ ಕೆಳಗೆ ನಿಂತು ನೋಡಿ. ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಫಾದರ್ ಕೊಡುವ ಪ್ರಸಂಗ ಎಲ್ಲಿಂದ ಕೇಳಬೇಕು? ಶೀಟ್ ಹಾಕುವುದಾದರೆ ಕೆಳಗೆ ಸೀಲಿಂಗ್ ಬೇಕೇ ಬೇಕು, ಅದರ ಖರ್ಚನ್ನೂ ಮೊದಲೇ ಬರೆದುಕೊಳ್ಳಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಘಟ್ಟ ಹತ್ತಿ ಬಂದ ಆ ಥರದ ಹೆಂಚು ಇವತ್ತಿಗೂ ನಮ್ಮ ಮಳೆಗೆ ಒಗ್ಗುತ್ತದೆ. ನಾವು ಕಬ್ಬಿಣದ ಚೌಕಟ್ಟಿನ ಮೇಲೆ ಹೆಂಚನ್ನೇ ಹಾಕಿಸಿದೆವು.

ಕಾಗದಪತ್ರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಇದನ್ನು ಹಗುರವಾಗಿ ನೋಡಬೇಡಿ. ಮೊದಲು ಪಹಣಿ ಯಾರ ಹೆಸರಲ್ಲಿದೆ ನೋಡಿ. ಕೃಷಿ ಜಮೀನಾಗಿದ್ದರೆ ಭೂ ಪರಿವರ್ತನೆ ಆಗಿದೆಯೇ ನೋಡಿ. ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಇದಕ್ಕೆ ಸಂಬಂಧಿಸಿದ್ದು. ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆ ಮಾಡಿಸಿ, ಕಲ್ಲು ನೆಡಿಸಿ. ಮಲೆನಾಡಿನಲ್ಲಿ ಬೇಲಿ ಇರುವುದು ಒಂದು ಕಡೆ, ಗಡಿ ಇರುವುದು ಇನ್ನೊಂದು ಕಡೆ. ಬೇಲಿಯ ಒಳಗೇ ಗೋಮಾಳವೋ ಅರಣ್ಯವೋ ಸೇರಿಕೊಂಡಿದ್ದರೆ ಅಲ್ಲಿ ಒಂದು ಕಂಬವನ್ನೂ ಹಾಕಬೇಡಿ. ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ಲದೆ ಯಾವ ಧರ್ಮದ ಕಟ್ಟಡವನ್ನೂ ಕಟ್ಟುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕ್ಯಾಥೊಲಿಕ್ ಚರ್ಚ್ ಆದರೆ ಧರ್ಮಪ್ರಾಂತ್ಯದ ಒಪ್ಪಿಗೆ ಬೇಕು. ಧರ್ಮಸಭೆಯ ಕಾನೂನಿನ 537ನೇ ವಿಧಿ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ (ಪ್ಯಾರಿಷ್) ಹಣಕಾಸು ಸಮಿತಿ ಇರಲೇಬೇಕು. ಹೆಸರಿಗೆ ಮಾತ್ರ ಇದ್ದರೆ ಅದನ್ನು ಈಗಲೇ ಎಬ್ಬಿಸಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚುಗಳ ಆಸ್ತಿ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿರುತ್ತದೆ, ಹಾಗಾಗಿ ಡಯಾಸಿಸ್ ಮೂಲಕವೇ ಹೋಗಬೇಕು. ಸ್ವತಂತ್ರ ಸಭೆಗಳು ಟ್ರಸ್ಟ್ ಅಥವಾ ಸಂಘವಾಗಿ ನೋಂದಣಿ ಆಗಿರಬೇಕು, ಜಾಗ ಪಾಸ್ಟರ್ ಸ್ವಂತ ಹೆಸರಲ್ಲಿ ಇರಬಾರದು. ಭಕ್ತರೊಬ್ಬರು ತಮ್ಮ ತೋಟದ ತೇಗದ ಮರ ಕೊಡುತ್ತೇನೆ ಅಂದರೆ ಸಂತೋಷ. ಆದರೆ ಕಡಿಯಲೂ ಸಾಗಿಸಲೂ ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆಯೇ ಗರಗಸ ಮುಟ್ಟಿ.

30 ಲಕ್ಷ 47 ಲಕ್ಷವಾದ ಬಗೆ

ನಮ್ಮ ಅಂಕಿಗಳನ್ನು ಸ್ವಲ್ಪ ದುಂಡಾಗಿಸಿ ಹೇಳುತ್ತೇನೆ. ನಿಮ್ಮ ಊರಿನ ದರ ಬೇರೆ ಇರುತ್ತದೆ, ಲೆಕ್ಕದ ರೀತಿ ಇದೇ.

1,200 ಚದರ ಅಡಿ, ಅಡಿಗೆ 2,500 ರೂಪಾಯಿ, ಒಟ್ಟು 30 ಲಕ್ಷ. ಸಭೆಯಲ್ಲಿ ಎಲ್ಲರ ಬಾಯಲ್ಲೂ ಇದೇ ಅಂಕಿ. ಆಮೇಲೆ ಬಂದವು ನೋಡಿ ಉಳಿದವು. ಅಂಗಳದ ತುದಿ ತಗ್ಗು, ಅಲ್ಲಿಗೆ ತಡೆಗೋಡೆ: 4 ಲಕ್ಷ. ಹೊಸ ಮಾಡು ಸೇರಿಸುವಾಗ ಹಳೇ ಮಾಡಿನ ಪಕಾಸಿ, ರೀಪು ಲಡ್ಡಾಗಿದ್ದು ಕಂಡಿತು: 3 ಲಕ್ಷ. ಬೆಂಚು, ವೈರಿಂಗ್, ಮೈಕು: 4 ಲಕ್ಷ. ಅಲ್ಲಿಗೆ 41 ಲಕ್ಷ. ಎಂಜಿನಿಯರ್ ಫೀಸು ಶೇ. 4ರಂತೆ 1.6 ಲಕ್ಷ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಹೋಗುವ ಶೇ. 1ರ ಸೆಸ್ 40 ಸಾವಿರ. 43 ಲಕ್ಷ ಆಯಿತು. ಇದರ ಮೇಲೆ ಶೇ. 10ರಷ್ಟು ಹಣವನ್ನು ಅನಿರೀಕ್ಷಿತ ಖರ್ಚಿಗೆ ಕೈಕಾವಲಾಗಿ ಇಟ್ಟುಕೊಳ್ಳದೆ ಮಲೆನಾಡಿನಲ್ಲಿ ಪಾಯ ತೋಡಬಾರದು. ಅಡಿಯಲ್ಲಿ ಏನಿದೆ ಅಂತ ತೋಡಿದ ಮೇಲೆಯೇ ಗೊತ್ತಾಗುವುದು. ಒಟ್ಟು 47.3 ಲಕ್ಷ.

ಕಂಟ್ರಾಕ್ಟರ್ ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟರೆ 30 ಲಕ್ಷದ ಕೆಲಸಕ್ಕೆ ಶೇ. 18ರಂತೆ 5.4 ಲಕ್ಷ ಹೊಸದಾಗಿ ತಲೆ ಮೇಲೆ ಬರುತ್ತದೆ. ಅದನ್ನು ಬರವಣಿಗೆಯಲ್ಲಿ ಹಾಕಿಸಿ. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಹಳೇ ಅಂದಾಜುಪಟ್ಟಿ ಇಟ್ಟುಕೊಂಡವರು ಹೊಸದಾಗಿ ಮಾಡಿಸಿಕೊಳ್ಳಿ.

ದುಡ್ಡು ಎಲ್ಲಿಂದ

120 ಮನೆ ಇದೆ, 47 ಲಕ್ಷ ಭಾಗಿಸಿ, ಮನೆಗೆ 39 ಸಾವಿರ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ದಯವಿಟ್ಟು ಒಪ್ಪಬೇಡಿ. ಎಸ್ಟೇಟಿನಲ್ಲಿ ದಿನಗೂಲಿ ಮಾಡುವ ಮನೆಗೂ ಹತ್ತು ಎಕರೆ ತೋಟದ ಮನೆಗೂ ಒಂದೇ ಚೀಟಿ ಕಳಿಸಿದರೆ ಮೊದಲನೆಯವರು ನಾಚಿಕೆಯಿಂದ ಪೂಜೆಗೆ ಬರುವುದನ್ನೇ ಬಿಡುತ್ತಾರೆ. ಎರಡನೆಯವರು ಕೊಡಬಹುದಾದ ಮೂರು ಲಕ್ಷದ ಬದಲು 39 ಸಾವಿರ ಕೊಟ್ಟು ನೆಮ್ಮದಿಯಾಗಿ ಇರುತ್ತಾರೆ. ಗುರಿಕಾರರೂ (ಕೇರಿಯ ಕ್ರೈಸ್ತ ಮನೆಗಳ ಮುಖ್ಯಸ್ಥರು) ಫಾದರೂ ಮನೆಮನೆಗೆ ಹೋಗಿ, ಕೂತು, ನಕ್ಷೆ ತೋರಿಸಿ ಮಾತಾಡಿದರು. ಎಷ್ಟು ಕೊಡುತ್ತೀರಿ ಎಂಬುದನ್ನು ಮನೆಯವರೇ ಬರೆದು ಲಕೋಟೆಯಲ್ಲಿ ಹಾಕಿದರು. ಆ ಅಂಕಿ ಇಬ್ಬರಿಗೆ ಬಿಟ್ಟು ಮತ್ಯಾರಿಗೂ ಗೊತ್ತಿಲ್ಲ.

ಹೀಗೆ 24 ಲಕ್ಷದ ಮಾತು ಬಂತು. ನಾವು ಲೆಕ್ಕಕ್ಕೆ ಹಿಡಿದದ್ದು 18 ಲಕ್ಷ. ಕೊಡುತ್ತೇನೆ ಅಂದವರ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಆದರೆ ಕೊಳೆರೋಗ ಬರುತ್ತದೆ, ಎಲೆಚುಕ್ಕಿ ರೋಗ ಬರುತ್ತದೆ, ಮನೆಯಲ್ಲಿ ಆಪರೇಷನ್ ಬರುತ್ತದೆ. ಬಾಕಿ ಉಳಿದವರ ಹೆಸರನ್ನು ಬೋರ್ಡಿಗೆ ಹಾಕಬೇಡಿ.

ಕೈಯಲ್ಲಿ ಮೊದಲೇ ಇದ್ದದ್ದು 12 ಲಕ್ಷ. ಧರ್ಮಪ್ರಾಂತ್ಯದಿಂದ 5 ಲಕ್ಷ. ಹಬ್ಬದ ದಿನದ ಏಲಂ, ಊಟ, ಮಾರಾಟದಿಂದ 3 ಲಕ್ಷ. ಏಲಂನಲ್ಲಿ ಒಂದು ಬಾಳೆಗೊನೆಯನ್ನು ಮೂವರು ಕೊಂಡು ಮೂವರೂ ಮತ್ತೆ ಚರ್ಚಿಗೇ ಕೊಟ್ಟರು. ನಾಲ್ಕನೆಯವರು ಮನೆಗೆ ಒಯ್ಯುವ ಹೊತ್ತಿಗೆ ಅದು 9 ಸಾವಿರ ದುಡಿದಿತ್ತು. ಲಕ್ಕಿ ಕೂಪನ್ ಮಾತ್ರ ಬೇಡ ಎಂದೆವು. ರಾಜ್ಯದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೂಲಕ ಚರ್ಚ್ ದುರಸ್ತಿ, ಸಮುದಾಯ ಭವನದಂಥ ಕೆಲಸಕ್ಕೆ ಅನುದಾನ ಸಿಗುವುದುಂಟು, ಅರ್ಜಿ ಹಾಕಿ. ಆದರೆ ಬಜೆಟ್ಟಿನಲ್ಲಿ ಅದನ್ನು ಸೊನ್ನೆ ಅಂತಲೇ ಬರೆಯಿರಿ. ಬಂದ ದಿನ ಸೇರಿಸಿಕೊಂಡರಾಯಿತು.

ಮಸ್ಕತ್, ದುಬೈಯಲ್ಲಿರುವ ಮಕ್ಕಳ ದುಡ್ಡಿನ ಬಗ್ಗೆ ಎಲ್ಲರಿಗೂ ಗೊಂದಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ದುಡಿಮೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದವರೂ ಸೇರಿ, ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ನಂತರ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ಹಾಗಾಗಿ ಬೇರೆಯವರ ನೋಂದಣಿ ಮೂಲಕ ತರಿಸೋಣ ಎಂಬ ಸಲಹೆಗೆ ಕಿವಿಗೊಡಬೇಡಿ.

ತೆರಿಗೆಯ ಎರಡು ಮಾತು. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ಅಡಿಕೆ ಮಾರಿದ ಖುಷಿಯಲ್ಲಿ ಕಟ್ಟು ಹಿಡಿದುಕೊಂಡು ಬಂದವರಿಗೆ ಪ್ರೀತಿಯಿಂದ ಬ್ಯಾಂಕ್ ದಾರಿ ತೋರಿಸಿ. ಇನ್ನೊಂದು, ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ವರ್ಷದ ಆದಾಯದ ಶೇ. 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಕಟ್ಟಡಕ್ಕೆ ಅಂತ ಕೂಡಿಡುವುದಾದರೆ ಅದನ್ನು ನಿಗದಿತ ಫಾರಂನಲ್ಲಿ ಮೊದಲೇ ತಿಳಿಸಿ ಐದು ವರ್ಷದವರೆಗೆ ಇಡಬಹುದು. ಇದಕ್ಕೆ ಆಡಿಟರ್ ಹತ್ತಿರ ಮೊದಲ ದಿನವೇ ಹೋಗಬೇಕು. ಕಟ್ಟಡಕ್ಕೆ ಬೇರೆ ಖಾತೆ, ಎರಡು ಸಹಿ, ಪ್ರತಿ ರೂಪಾಯಿಗೂ ರಸೀದಿ, ತಿಂಗಳ ಮೊದಲ ಭಾನುವಾರ ಬಾಗಿಲಲ್ಲಿ ಜಮಾ ಖರ್ಚಿನ ಹಾಳೆ. ಆ ಹಾಳೆ ಅಂಟಿಸಲು ಶುರು ಮಾಡಿದ ಮೂರನೇ ತಿಂಗಳಿಂದ ಕಾಣಿಕೆ ಹೆಚ್ಚಿತು.

ಮನೆಗಳ 18, ಕೈಯಲ್ಲಿದ್ದ 12, ಧರ್ಮಪ್ರಾಂತ್ಯದ 5, ಹಬ್ಬದ 3, ಎಲ್ಲ ಕೂಡಿಸಿದರೆ 38 ಲಕ್ಷ. ಬೇಕಾದದ್ದು 47.3.

ಮಳೆ ಮತ್ತು ಅಡಿಕೆಯ ನಡುವೆ

ಇಲ್ಲಿಗೆ ಬಂದಾಗ ಹೆಚ್ಚಿನವರು, ಶುರು ಮಾಡೋಣ, ದೇವರು ನಡೆಸುತ್ತಾನೆ ಅನ್ನುತ್ತಾರೆ. ನನಗೂ ಆ ನಂಬಿಕೆ ಇದೆ. ಆದರೆ ಘಟ್ಟದ ಒಂದು ಊರಿನಲ್ಲಿ ಏಪ್ರಿಲ್‌ನಲ್ಲಿ ಪಾಯ ತೋಡಿ, ಕಂಬ ಎತ್ತಿ, ದುಡ್ಡು ಮುಗಿದು ನಿಂತ ಕೆಲಸವನ್ನು ಕಣ್ಣಾರೆ ಕಂಡಿದ್ದೇನೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮೇಲೆ ಚಾಚಿದ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದ್ದವು. ಪಾಯದ ಹೊಂಡದಲ್ಲಿ ಕಪ್ಪೆ. ಅಲ್ಲಿನ ಬಾಯಮ್ಮ ಒಬ್ಬರು ಪ್ರತಿ ಭಾನುವಾರ ಅದನ್ನು ದಾಟಿಕೊಂಡು ಪೂಜೆಗೆ ಬರುತ್ತಿದ್ದರು. ನಾನು ಕೊಟ್ಟದ್ದು ಇದರೊಳಗೇ ಇದೆ ಮಗಾ ಎಂದರು.

ಮಲೆನಾಡಿನಲ್ಲಿ ಕಟ್ಟಲು ಸಿಗುವುದು ದಸರಾ ಕಳೆದ ಮೇಲಿಂದ ಮೇ ಕೊನೆಯವರೆಗೆ. ಅಡಿಕೆ, ಕಾಫಿಯ ಕೊಯ್ಲು ಮುಗಿದು, ಒಣಗಿ, ಮಂಡಿಗೆ ಹೋಗಿ ದುಡ್ಡು ಕೈಗೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಅಂದರೆ ಕೆಲಸದ ದಿನಗಳು ಅರ್ಧಕ್ಕಿಂತ ಜಾಸ್ತಿ ಕಳೆದ ಮೇಲೆ. ಆ ವರ್ಷದ ದುಡ್ಡಿನಲ್ಲಿ ಆ ವರ್ಷವೇ ಕಟ್ಟಲು ಹೋದವರು ಮಳೆಗೆ ಸಿಕ್ಕಿಬೀಳುವುದು ಇದಕ್ಕೇ. ಈ ವರ್ಷದ ಅಡಿಕೆಯಲ್ಲಿ ಮುಂದಿನ ವರ್ಷ ಕಟ್ಟಬೇಕು. ಮಧ್ಯದ ಮಳೆಗಾಲ ನಕ್ಷೆಗೆ, ಪರವಾನಗಿಗೆ, ಕಂಟ್ರಾಕ್ಟರ್ ಜೊತೆ ದರ ಮಾತಾಡಲು. ಕೊಡುವ ಮಾತನ್ನೂ ತಿಂಗಳ ಕಂತಿನಲ್ಲಿ ಕೇಳದೆ ಎರಡು ಕೊಯ್ಲಿಗೆ ಎರಡು ಕಂತು ಎಂದು ಕೇಳಿದರೆ ತೋಟದವರಿಗೆ ಸುಲಭ. ಸಂಬಳದವರು ಬೇಕಾದರೆ ತಿಂಗಳಿಗೆ ಕೊಡಲಿ.

ಕೆಲಸವನ್ನು ಹಂತವಾಗಿ ಒಡೆಯುವಾಗ ನಾವು ಇಟ್ಟುಕೊಂಡ ಕಟ್ಟಳೆ ಒಂದೇ. ಮೊದಲ ಹಂತ ಮಾಡಿನವರೆಗೆ ಮುಗಿಯಬೇಕು. ಪಾಯ, ಗೋಡೆ, ತಡೆಗೋಡೆ, ಹೆಂಚು, ಹಳೇ ಮಾಡಿನ ದುರಸ್ತಿ, ಎಲ್ಲ 38 ಲಕ್ಷದೊಳಗೆ. ಬೆಂಚು, ಮೈಕು, ನೆಲದ ಗ್ರಾನೈಟ್, ಒಳಗಿನ ಪೇಂಟ್, ಒಟ್ಟು ಒಂಬತ್ತು ಲಕ್ಷ ಚಿಲ್ಲರೆಯ ಕೆಲಸ ಎರಡನೇ ಹಂತಕ್ಕೆ. ಮಣ್ಣು ತುಂಬುವುದು, ಹಳೇ ಹೆಂಚು ಇಳಿಸಿ ತೊಳೆದು ಜೋಡಿಸುವುದನ್ನು ಮುಯ್ಯಾಳಿನ ಲೆಕ್ಕದಲ್ಲಿ ಊರವರೇ ಮಾಡಿದೆವು. ಪಕ್ಕದ ಕೇರಿಯ ಹಿಂದೂ, ಮುಸ್ಲಿಂ ಮನೆಗಳಿಂದಲೂ ಆಳು ಬಂದರು. ಕಂಬ, ತೊಲೆ, ವೈರಿಂಗ್ ಮಾತ್ರ ಕಸುಬು ಗೊತ್ತಿದ್ದವರಿಗೇ ಬಿಟ್ಟೆವು.

ಮೇ ಕೊನೆಯ ವಾರ ಕೊನೆಯ ಸಾಲಿನ ಹೆಂಚು ಕೂರಿಸುವಾಗ ಪಡುವಣ ಕಡೆ ಮೋಡ ಕಟ್ಟಿತ್ತು. ಮೇಸ್ತ್ರಿ ಮೇಲಿನಿಂದಲೇ, ಫಾದರ್, ಇನ್ನು ಬರಲಿ ಬಿಡಿ ಎಂದು ಕೂಗಿದರು. ಈ ಜುಲೈಯಲ್ಲಿ ನಾನು ಮತ್ತೆ ಜಗುಲಿಯಲ್ಲಿ ನಿಂತು ಎಣಿಸಿದೆ. ನೆಲ ಇನ್ನೂ ಬರೀ ಸಿಮೆಂಟು, ಗೋಡೆಗೆ ಬಣ್ಣ ಇಲ್ಲ, ಹಿಂದಿನ ಅರ್ಧಕ್ಕೆ ಪ್ಲಾಸ್ಟಿಕ್ ಕುರ್ಚಿ. ಹೊರಗೆ ನಿಂತಿದ್ದವರು ಏಳು ಜನ, ಅವರೆಲ್ಲ ರೂಢಿಯವರು. ಕೊಡೆ ಇಡಲು ಮಾತ್ರ ಜಾಗ ಸಾಲುತ್ತಿಲ್ಲ ಎಂದು ಹೆಂಗಸರು ಹೇಳಿದ್ದಾರೆ. ಬಾಗಿಲ ಪಕ್ಕದಲ್ಲಿ ನೀರು ಇಳಿಯುವ ಒಂದು ಕಟ್ಟೆ ಬೇಕು. ಎರಡನೇ ಹಂತದ ಪಟ್ಟಿಯಲ್ಲಿ, ಗ್ರಾನೈಟಿಗಿಂತ ಮೇಲೆ, ಅದನ್ನು ಬರೆದಿದ್ದೇವೆ.